ತಿಂಗಳಿಗೆ 992 ಯೂರೋ

ಮೊನ್ನೆ ನಿಟ್ಟೆಗೆ ಹೋಗಿದ್ದೆ. 1986ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಹೊರಗಿನ ಮಕ್ಕಳು ಈ ಊರಿಗೆ ಬಂದ್ರು. ಈಗ ಇಲ್ಲಿಂದ ಎಂ.ಎಸ್. ಅಂತ ಜರ್ಮನಿಗೆ ಹೊರಡ್ತಾರೆ. ನಾನೂ ಇಂಜಿನಿಯರಿಂಗ್ ಓದಿದವನು ಅಂತ ಒಬ್ಬ ತಂದೆ ಕೇಳಿದ್ರು: "ಅಲ್ಲಿ ಫೀಸೇ ಇಲ್ವಂತೆ, ಹೌದಾ?"

ಅರ್ಧ ನಿಜ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಗೆ ಒಂದು ವರ್ಷದ ಖರ್ಚಿನ ಹಣ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದ್ರು. ಸಾಮಾನ್ಯವಾಗಿ ಇದನ್ನ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡ್ತಾರೆ. ಹಣ ನಿಮ್ಮದೇ, ಆದರೆ ಕೈಗೆ ಸಿಗೋದು ತಿಂಗಳಿಗೆ 992 ಯೂರೋ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲ ಅದರಲ್ಲೇ. ಮ್ಯೂನಿಕ್‌ನಂಥ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತೆ.

"ಪಾರ್ಟ್ ಟೈಮ್ ದುಡಿದು ಸಾಲ ತೀರಿಸ್ತಾನೆ ಬಿಡಿ" ಅನ್ನೋರಿದ್ದಾರೆ. ನೋಡಿ, ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಮಾತ್ರ ಅನುಮತಿ. ಹಗಲು ತರಗತಿ, ಸಂಜೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತೋದು, ರಾತ್ರಿ ಬಂದು ತಾನೇ ಅನ್ನಕ್ಕಿಡೋದು. ಆ ದುಡ್ಡು ಹೊಟ್ಟೆಪಾಡಿಗೆ ಸರಿಹೋಗುತ್ತೆ. ಸಾಲದ ಕಂತಿಗೆ ಅದನ್ನೇ ನಂಬಬೇಡಿ.

ವೀಕ್ಷಕರೇ, ಕಳಿಸಬೇಡಿ ಅಂತಿಲ್ಲ. ಮನೆಪತ್ರ ಬ್ಯಾಂಕಿಗೆ ಕೊಡೋ ಮೊದಲು, ಎರಡು ವರ್ಷದ ಲೆಕ್ಕವನ್ನ ಮಕ್ಕಳ ಜೊತೆ ಕೂತು ಬರೀರಿ. ಇಲ್ಲದಿದ್ರೆ ಫೋನಿನಲ್ಲಿ "ಊಟ ಆಯ್ತಮ್ಮ" ಅನ್ನೋ ಮಾತು ಎಷ್ಟು ನಿಜ ಅಂತ ನಿಮಗೆ ಗೊತ್ತಾಗೋದೇ ಇಲ್ಲ.