ಮೊಮ್ಮಗಳು ತಂದ ಫಾರಂ

ಕಳೆದ ನವೆಂಬರಿನ ಒಂದು ಸಂಜೆ ಮೊಮ್ಮಗಳು ಒಂದು ಫಾರಂ ಹಿಡಿದು ನನ್ನ ಕುರ್ಚಿಯ ಪಕ್ಕ ಬಂದು ನಿಂತಳು. "ತಾತ, ಇದನ್ನು ಓದಿ. ಅಪ್ಪ ನಿಮ್ಮನ್ನೇ ಕೇಳು ಅಂದ್ರು."

ಅವಳಿಗೆ ಹದಿನೈದು ತುಂಬಿದೆ. ಇಟಲಿಯ ಯಾವುದೋ ಊರಿನಲ್ಲಿ, ಗುರುತು ಪರಿಚಯವಿಲ್ಲದವರ ಮನೆಯಲ್ಲಿ ಮಗಳಂತೆ ಇದ್ದುಕೊಂಡು, ಹತ್ತು ತಿಂಗಳು ಅಲ್ಲಿನ ಶಾಲೆಗೆ ಹೋಗುವ ಯೋಜನೆಯಂತೆ. ನಾನು ಓದದೆಯೇ "ಬೇಡಮ್ಮ" ಅಂದುಬಿಟ್ಟೆ. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು "ಓದದೆ ಸಹಿ ಹಾಕಬೇಡಿ" ಎಂದು ಎಲ್ಲರಿಗೂ ಹೇಳಿದವನು, ಓದದೆ ಬೇಡ ಅನ್ನಬಹುದೇ? ರಾತ್ರಿ ಕನ್ನಡಕ ಹಾಕಿಕೊಂಡು ಕೂತೆ.

ಮಕ್ಕಳೇ, ಆ ಯೋಜನೆಯನ್ನು ನಡೆಸುವ ಎಎಫ್‌ಎಸ್ ಸಂಸ್ಥೆ ಹುಟ್ಟಿದ್ದು ಶಾಲೆಯಲ್ಲಲ್ಲ, ಯುದ್ಧಭೂಮಿಯಲ್ಲಿ! ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುವಕರು ಫ್ರಾನ್ಸಿಗೆ ಹೋಗಿ, ಗಾಯಗೊಂಡ ಸೈನಿಕರನ್ನು ಆಂಬುಲೆನ್ಸಿನಲ್ಲಿ ಸಾಗಿಸುತ್ತಿದ್ದರು. ಆ ಸ್ವಯಂಸೇವಕರ ದಳದ ಹೆಸರೇ ಅಮೆರಿಕನ್ ಫೀಲ್ಡ್ ಸರ್ವಿಸ್. ಎರಡನೆಯ ಮಹಾಯುದ್ಧದಲ್ಲಿಯೂ ಇದೇ ಕೆಲಸ. ಅದು ಮುಗಿದ ಮೇಲೆ ಆ ಚಾಲಕರಿಗೆ ಅನ್ನಿಸಿತು: ಗಾಯಗೊಂಡವರನ್ನು ಎಷ್ಟು ದಿನ ಹೊರುವುದು? ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಮನೆಯಲ್ಲಿ ಊಟ ಮಾಡಿ ಬೆಳೆದರೆ, ನಾಳೆ ಪರಸ್ಪರ ಗುಂಡು ಹಾರಿಸುವುದು ಕಷ್ಟವಾದೀತು. 1947ರಲ್ಲಿ ಹತ್ತು ದೇಶಗಳ 52 ವಿದ್ಯಾರ್ಥಿಗಳು ಅಮೆರಿಕದ ಶಾಲೆಗಳಿಗೆ ಬಂದರು. ಅಲ್ಲಿಂದ ಶುರು. ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವ ಮನೆಯವರು ಸಾಮಾನ್ಯವಾಗಿ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಇದನ್ನು ನಾನು ಎರಡು ಸಲ ಓದಿದೆ.

ಇಷ್ಟರಲ್ಲಿ ಪಕ್ಕದಲ್ಲಿದ್ದ ಕಿರಿಯ ಮೊಮ್ಮಗ, "ತಾತ, ನಂಗೆ ಹನ್ನೊಂದು. ನಾನು ಹೋಗೋ ಹಾಗಿಲ್ವಾ?" ಎಂದ. ಹುಡುಕಿದರೆ ಅವನ ವಯಸ್ಸಿನವರಿಗೂ ಒಂದಿದೆ. ಸಿಐಎಸ್‌ವಿ ಎಂಬ ಸಂಸ್ಥೆ, ಶುರುಮಾಡಿದವರು ಡೋರಿಸ್ ಆಲೆನ್ ಎಂಬ ಮನಶ್ಶಾಸ್ತ್ರಜ್ಞೆ. 1951ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಹನ್ನೊಂದು ವರ್ಷದ ಮಕ್ಕಳ ಮೊದಲ ಶಿಬಿರ ನಡೆಯಿತು. ಇಂದಿಗೂ ಪ್ರತಿ ದೇಶದಿಂದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಜೊತೆಗೊಬ್ಬ ದೊಡ್ಡವರು ಹೋಗಿ ಸುಮಾರು ನಾಲ್ಕು ವಾರ ಒಟ್ಟಿಗೆ ಇರುತ್ತಾರೆ. ಅವನ ಸರದಿ ಆಮೇಲೆ ನೋಡೋಣ ಎಂದೆ. ಒಪ್ಪಲಿಲ್ಲ, ಮುಖ ಊದಿಸಿಕೊಂಡು ಹೋದ.

ಇನ್ನು ದುಡ್ಡಿನ ಮಾತು, ನನ್ನ ಹಳೆಯ ಕಸುಬು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವಿದೇಶಿ ವಿನಿಮಯವೆಂದರೆ ರಿಸರ್ವ್ ಬ್ಯಾಂಕಿನ ಅನುಮತಿ, ಅದರ ಹಿಂದೆ ಓಡಾಟ. ಎಂಟೇ ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದವರ ಕಾಲ ಅದು! ಈಗ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ನಮ್ಮಂಥವರಿಗೆ ಅಷ್ಟರ ಮಾತೇ ಬೇಡಿ. ಆದರೆ ಅಜ್ಜಂದಿರು ಗಮನಿಸಬೇಕಾದ್ದು: ಮಗು ಅಪ್ರಾಪ್ತ ವಯಸ್ಸಿನದಾದರೆ ಬ್ಯಾಂಕಿನ ಅರ್ಜಿಗೆ ಪೋಷಕರ ಸಹಿ ಬೇಕು, ಪಾನ್ ನಂಬರ್ ಬೇಕು. ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ಚಿಕ್ಕವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷ ನಡೆಯುವುದು, ಹಳೆಯದಿದ್ದರೆ ತೆಗೆದು ತಾರೀಕು ನೋಡಿ. ವಾಪಸ್ ಬಂದ ಮೇಲೆ ಯಾವ ತರಗತಿಗೆ ಸೇರಿಸಿಕೊಳ್ಳುತ್ತಾರೆ ಎಂಬುದನ್ನು ಶಾಲೆಯವರಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತು ಲೆಡ್ಜರಿಗೆ ಏರುವುದಿಲ್ಲ.

ಲೆಕ್ಕ ಹೊಂದಿತು, ಮನಸ್ಸು ಹೊಂದಲಿಲ್ಲ. ನನಗೆ ಎಪ್ಪತ್ತಾರು, ಹೃದಯಕ್ಕೆ ಎರಡು ಸ್ಟೆಂಟ್. ಹತ್ತು ತಿಂಗಳು ಎಂದರೆ ಅವಳಿಗೆ ಒಂದು ಶಾಲಾವರ್ಷ, ನನಗೆ ಎಷ್ಟೋ ಯಾರಿಗೆ ಗೊತ್ತು? ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳೇ ಒಂದು ದಿನ ಕೇಳಿದಳು: "ತಾತ, ನೀವು ಬೇಡ ಅಂದಿದ್ದು ನನಗೋಸ್ಕರಾನಾ, ನಿಮಗೋಸ್ಕರಾನಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನಗೋಸ್ಕರ" ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಕೈ ಹಿಡಿದು ಕೂತಿದ್ದಳು. ಹೋಗುವುದಿಲ್ಲ ಎನ್ನಲಿಲ್ಲ. ಮರುವಾರ ನಾನೇ ಹೋಗಿ ಒಂದು ಎಫ್.ಡಿ. ಮುರಿಸಿ ಬಂದೆ.

ಸೆಪ್ಟೆಂಬರಿನಲ್ಲಿ ಹೊರಡುತ್ತಾಳೆ. ಸಾರಿನ ಪುಡಿ ಅರ್ಧ ಕಿಲೋ ಸಾಕೆಂದು ಮೊಮ್ಮಗಳು, ಎರಡು ಕಿಲೋ ಬೇಕೆಂದು ಅಜ್ಜಿ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.