ಹಳೆ ಜೀಪಿಗೆ ಅದರದ್ದೇ ವಯರಿಂಗ್

ಗುತ್ತಿಗಾರು ಸುತ್ತಿನ ಗುಡ್ಡೆ ಮನೆಗಳಿಗೆ ಮಳೆಗಾಲದಲ್ಲಿ ಜೀಪೇ ಗತಿ. ಅಡಿಕೆ ಹೇರಲಿಕ್ಕೂ ಅದೇ, ರಾತ್ರಿ ಯಾರಿಗಾದರೂ ಹುಷಾರಿಲ್ಲವೆಂದರೆ ಸುಳ್ಯಕ್ಕೆ ಓಡಲಿಕ್ಕೂ ಅದೇ. ನಮ್ಮಲ್ಲಿರುವುದು ತಂದೆಯವರ ಕಾಲದ ಪೆಟ್ರೋಲ್ ಜೀಪು, ಎತ್ತರ ಬೋನೆಟ್ಟಿನ ಸಿ.ಜೆ. 3ಬಿ. ಎಂಜಿನ್ ಈಗಲೂ ಗಟ್ಟಿ. ಕೈಕೊಟ್ಟದ್ದು ವಯರಿಂಗು. ಐವತ್ತು ವರ್ಷಗಳಲ್ಲಿ ರಿಪೇರಿ ಮಾಡಿದವರೆಲ್ಲ ಕೈಗೆ ಸಿಕ್ಕಿದ ಬಣ್ಣದ ತುಂಡು ಸೇರಿಸಿದ್ದರು. ಒಂದು ರಾತ್ರಿ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಎದ್ದಿತು. ಕೂಡಲೇ ಬ್ಯಾಟರಿ ಕ್ಲಿಪ್ ಕಿತ್ತದ್ದರಿಂದ ಜೀಪು ಉಳಿಯಿತು.

'ರೆಡಿಮೇಡ್ ಸೆಟ್ ತಂದು ಎಳೆದುಬಿಡಿ' ಅಂದವರೇ ಹೆಚ್ಚು. ಆದರೆ ಅಂಗಡಿಯಲ್ಲಿ ನನಗೆ ತೋರಿಸಿದ ಸೆಟ್ಟುಗಳು ಆಲ್ಟರ್ನೇಟರ್ ಇರುವ ಡೀಸೆಲ್ ಜೀಪಿನವು. ನಮ್ಮದರಲ್ಲಿ ಡೈನಮೋ. ಅದರಿಂದ ದಪ್ಪದ್ದೊಂದು, ಫೀಲ್ಡಿನದ್ದೊಂದು ವಯರು ಕಟೌಟಿಗೆ ಹೋಗಿ, ಅಲ್ಲಿಂದ ಚಾರ್ಜು ಆ್ಯಂಪಿಯರ್ ಮೀಟರಿನ ಮೂಲಕ ಬ್ಯಾಟರಿಗೆ ಬರಬೇಕು. ಸ್ಟಾರ್ಟರಿನದ್ದು ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಕರೆಂಟೂ ಆ ಮೀಟರಿನ ಎರಡು ನಟ್ಟುಗಳ ಮೇಲೆಯೇ ಓಡುವುದು. ಅಲ್ಲಿ ನಟ್ಟು ಸಡಿಲವಾದರೆ ಬಿಸಿಯಾಗಿ ವಯರು ಕರಗುತ್ತದೆ. ನಮ್ಮಲ್ಲಿ ಹೊಗೆ ಬಂದದ್ದೂ ಅಲ್ಲಿಂದಲೇ.

ಮೂಲದ ವಯರಿಂಗ್ ಹೇಗಿತ್ತೆಂದು ಹುಡುಕಲು ಮೊದಲ ದಾಖಲೆ ಗಾಡಿಯೇ. ಹಾಗಾಗಿ ಹಳೆಯದನ್ನು ಕಿತ್ತು ಗುಜರಿಗೆ ಹಾಕಲೇಬಾರದು. ಒಂದೊಂದು ತುದಿಗೂ ಚೀಟಿ ಕಟ್ಟಿ, ಎಲ್ಲಿಂದ ಎಲ್ಲಿಗೆ ಎಂದು ಬರೆದು, ಇಡೀ ಕಟ್ಟನ್ನು ಹಾಗೆಯೇ ಬಿಚ್ಚಿ ಅಡಿಕೆ ಅಂಗಳದಲ್ಲಿ ಹಾಸಿದೆ. ನೋಡಿದವರಿಗೆ ತಮಾಷೆ! ಹಳೇ ವಯರು ರಬ್ಬರಿನ ಮೇಲೆ ನೂಲಿನ ಹೆಣಿಗೆಯದ್ದು. ಹೊರಗೆ ನೋಡಿದರೆ ಎಲ್ಲವೂ ಒಂದೇ ಮಣ್ಣು ಬಣ್ಣ. ಆದರೆ ಕ್ಲಿಪ್ಪಿನ ಅಡಿಯಲ್ಲಿ, ಟೇಪು ಸುತ್ತಿದ ಒಳಗೆ, ತಗಡಿನ ತೂತಿನ ರಬ್ಬರ್ ಬುಶ್ಶಿನೊಳಗೆ ಬಿಸಿಲು-ಎಣ್ಣೆ ತಾಗದೆ ಬಣ್ಣ ಉಳಿದಿರುತ್ತದೆ. ಸೋಪುನೀರಿನಲ್ಲಿ ಮೆಲ್ಲ ಒರೆಸಿದರೆ ಹೆಣಿಗೆಯೊಳಗೆ ಓಡುವ ಬೇರೆ ಬಣ್ಣದ ಎಳೆಯೂ ಕಾಣುತ್ತದೆ. ಆ ಎಳೆಯೇ ಗುರುತು. ಚಾಸಿಯಲ್ಲಿ ಉಳಿದ ಕ್ಲಿಪ್ಪು, ಬಾಡಿಯ ಖಾಲಿ ತೂತುಗಳು ವಯರು ಹೋದ ದಾರಿ ಹೇಳುತ್ತವೆ. ಡ್ರಿಲ್ಲಿನಲ್ಲಿ ಆಮೇಲೆ ಕೊರೆದ ತೂತಿನ ಅಂಚು ಒರಟು, ಕಂಪೆನಿಯದ್ದು ನಯ.

ಇದಾದ ಮೇಲೆ ಪುಸ್ತಕ. ಜೀಪಿನ ಸರ್ವಿಸ್ ಮ್ಯಾನ್ಯುವಲಿನಲ್ಲಿ ವಯರಿಂಗ್ ನಕ್ಷೆ ಇರುತ್ತದೆ. ಆದರೆ ಪುಸ್ತಕದ ವರ್ಷವೂ ಗಾಡಿಯ ವರ್ಷವೂ ತಾಳೆಯಾಗಬೇಕು. ಅಮೆರಿಕದ ವಿಲ್ಲಿಸ್‌ನ ಯುದ್ಧಕಾಲದ ಜೀಪುಗಳು 6 ವೋಲ್ಟಿನವು, ನಮ್ಮದು 12. ಅಂಬಾಸಿಡರ್ ಗೊತ್ತಿರುವ ಇಲೆಕ್ಟ್ರಿಷಿಯನ್ನರು ಆ ಲೆಕ್ಕವನ್ನೇ ಜೀಪಿಗೂ ಹಾಕುವುದುಂಟು. ಅದು ಮೋರಿಸ್ ಆಕ್ಸ್‌ಫರ್ಡಿನ ಸಂತತಿ. ಬ್ರಿಟಿಷ್ ಪದ್ಧತಿಯಲ್ಲಿ ಕಂದು ಬ್ಯಾಟರಿಯದ್ದು, ಬಿಳಿ ಇಗ್ನಿಷನ್ನಿನದ್ದು, ಹಸಿರು ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟಿನದ್ದು, ಕಪ್ಪು ಅರ್ತ್. ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಕೂಡುತ್ತಿತ್ತು, ವಿಲ್ಲಿಸ್ ಜೀಪಿನಲ್ಲಿ ನೆಗೆಟಿವ್. ಇವೆರಡನ್ನು ಬೆರೆಸಿದರೆ ಪಂಚಾತಿಕೆಯೇ.

ಬಣ್ಣಕ್ಕಿಂತಲೂ ದಪ್ಪ ಮುಖ್ಯ ಅಂತ ನನ್ನ ಅಭಿಪ್ರಾಯ. 36 ವಾಟಿನ ಬಲ್ಬು 12 ವೋಲ್ಟಿನಲ್ಲಿ 3 ಆ್ಯಂಪಿಯರ್ ಎಳೆದರೆ 6 ವೋಲ್ಟಿನಲ್ಲಿ 6 ಎಳೆಯುತ್ತದೆ. ಅದಕ್ಕೇ 6 ವೋಲ್ಟಿನ ಗಾಡಿಗೆ ತೆಳು ವಯರು ಹಾಕಿದರೆ ದೀಪ ಮಂಕು. ದಪ್ಪ ತಿಳಿಯಲು ತುದಿ ಸುಲಿದು ಎಳೆ ಎಣಿಸಬೇಕು. 0.30 ಮಿ.ಮೀ.ನ 14 ಎಳೆ ಎಂದರೆ ಸುಮಾರು 1 ಚದರ ಮಿ.ಮೀ., 28 ಎಳೆ 2, 44 ಎಳೆ 3. ಬಲ್ಬಿಗೆ 14 ಎಳೆಯದ್ದು ಸಾಕಾದೀತು, ಚಾರ್ಜಿಂಗ್ ಲೈನಿಗೆ ಏನೂ ಸಾಲದು. ನಮ್ಮದರಲ್ಲಿ ಯಾರೋ ಅದನ್ನೇ ಹಾಕಿದ್ದರು!

ನೂಲು ಹೆಣೆದ, ಒಳಗೆ ಪಿ.ವಿ.ಸಿ. ಇರುವ ವಯರು ವಿದೇಶದಲ್ಲಿ ಈಗಲೂ ಮಾಡುತ್ತಾರೆ. ಪ್ರದರ್ಶನದ ಗಾಡಿಗೆ ಚೆಂದ. ನಮ್ಮ ಮಳೆಗೆ ನೂಲು ನೀರು ಹಿಡಿದುಕೊಳ್ಳುತ್ತದೆ. ನಾನು ಮೂಲದ ಬಣ್ಣ, ದಪ್ಪ, ದಾರಿ ಇಟ್ಟುಕೊಂಡು ಪಿ.ವಿ.ಸಿ. ವಯರೇ ಹಾಕಿಸಿದೆ. ಮೂಲದಲ್ಲಿ ಇಲ್ಲದ ಎರಡು ಸಂಗತಿ ಸೇರಿಸಿದ್ದೇನೆ: ಬ್ಯಾಟರಿ ಪಕ್ಕ ಒಂದು ಮೈನ್ ಸ್ವಿಚ್ಚು, ದೀಪಗಳಿಗೆ ಬೇರೆ ಫ್ಯೂಸು. ಕಾಲಿನಲ್ಲಿ ಒತ್ತುವ ಡಿಪ್ಪರ್ ಸ್ವಿಚ್ಚು ಹಾಗೆಯೇ ಉಂಟು. ಕೆಸರು ಬೂಟಿನಲ್ಲಿ ತುಳಿದು ತುಳಿದು ಅದರ ವಯರೇ ಮೊದಲು ಹಾಳಾಗುವುದು, ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಕೆಲವರು 'ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಬಹುದಲ್ಲಾ?' ಅಂತ ಕೇಳುತ್ತಾರೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಚಾಸಿ-ಬಾಡಿ-ಎಂಜಿನ್ ಹೆಚ್ಚು ಬದಲಾಗದ ಗಾಡಿಗೆ ಅದು ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಅಡಿಕೆ ಹೇರುವ ಜೀಪಿಗೆ ಅದು ಆಗುವಂಥದ್ದಲ್ಲ, ಮಾಮೂಲು ಎಫ್.ಸಿ., ರಿನ್ಯೂವಲ್ಲೇ ಸರಿ.

ಹೊಸ ವಯರಿನ ನಕ್ಷೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಸೀಟಿನ ಅಡಿಯಲ್ಲಿ ಇಟ್ಟಿದ್ದೇನೆ. ಮುಂದೆ ಕೈ ಹಾಕುವವರಿಗೆ ಬೇಕಾಗುತ್ತದೆ. ಹಳೇ ಕಟ್ಟು ಅಟ್ಟದಲ್ಲಿ ಉಂಟು, ಇಲಿ ತಿನ್ನದ ಹಾಗೆ ತಗಡಿನ ಡಬ್ಬಿಯಲ್ಲಿ. ಇದೇ ಮಾದರಿಯ ಜೀಪು ಇರುವವರು ಬಂದು ನೋಡಿಕೊಳ್ಳಬಹುದು.