ಮಂತ್ರಿಗಳು ಐವರು, ಕಾರ್ಯದರ್ಶಿ ಒಬ್ಬರು

1927ರಿಂದ 1937ರವರೆಗಿನ ಹತ್ತು ವರ್ಷಗಳಲ್ಲಿ ಬ್ರಿಟನ್ನಿನ ಸಾರಿಗೆ ಸಚಿವಾಲಯವು ಆಶ್ಲಿ, ಮಾರಿಸನ್, ಪೈಬಸ್, ಸ್ಟ್ಯಾನ್ಲಿ, ಹೋರ್-ಬೆಲೀಷಾ ಎಂಬ ಐವರು ಮಂತ್ರಿಗಳನ್ನು ಕಂಡಿತು. ಇವರಲ್ಲಿ ಕನ್ಸರ್ವೇಟಿವ್, ಲೇಬರ್, ಲಿಬರಲ್ ಎಂಬ ಮೂರು ಪಕ್ಷದವರೂ ಇದ್ದರು. ಆದರೆ ಆ ದಶಕವಿಡೀ ಸಚಿವಾಲಯದ ಖಾಯಂ ಕಾರ್ಯದರ್ಶಿಯಾಗಿದ್ದವರು ಸಿರಿಲ್ ಹರ್ಕೂಮ್ ಒಬ್ಬರೇ.

1883ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, 1906ರಲ್ಲಿ ಅಂಚೆ ಇಲಾಖೆಯನ್ನು ಸೇರಿದ ಈ ಅಧಿಕಾರಿಯು ಪ್ರಥಮ ಮಹಾಯುದ್ಧದ ಕಾಲದಲ್ಲಿ ಹಡಗುಸಾರಿಗೆಯ ಆಡಳಿತದಲ್ಲಿ ನುರಿತು, ಆ ಅನುಭವದೊಡನೆ ಸಾರಿಗೆ ಸಚಿವಾಲಯಕ್ಕೆ ಬಂದರು. ಖಾಯಂ ಕಾರ್ಯದರ್ಶಿಯೆಂದರೆ ಮಂತ್ರಿಯ ಆಜ್ಞೆಯನ್ನು ಬರೆದುಕೊಳ್ಳುವ ಗುಮಾಸ್ತೆಯಲ್ಲ. ವಿರೋಧಿ ಹಿತಗಳ ಅಹವಾಲನ್ನು ಕೇಳಿ, ಮಸೂದೆಯನ್ನು ಸಿದ್ಧಗೊಳಿಸಿ, ತನಗೆ ತೋರಿದ ಸತ್ಯವನ್ನು ನಿರ್ಭೀತಿಯಿಂದ ಮಂತ್ರಿಗೆ ನಿವೇದಿಸಿ, ನಿರ್ಣಯವಾದ ಬಳಿಕ ಅದು ತನಗೆ ಒಪ್ಪಿಗೆಯಾಗದಿದ್ದರೂ ನಿಷ್ಠೆಯಿಂದ ನೆರವೇರಿಸಬೇಕಾದವನು. ಇಲಾಖೆಯ ವೆಚ್ಚಕ್ಕಾಗಿ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಗೆ ತಾನೇ ಉತ್ತರ ಕೊಡಬೇಕಾದವನು.

ಈ ಧರ್ಮದ ಸಾರ್ಥಕತೆಯನ್ನು ಲಂಡನ್ ನಗರದ ಸಾರಿಗೆಯಲ್ಲಿ ಕಾಣಬಹುದು. ಸುರಂಗ ರೈಲು, ಟ್ರಾಮು, ಬಸ್ಸುಗಳನ್ನು ಒಂದೇ ಮಂಡಳಿಯ ಅಧೀನಕ್ಕೆ ತರುವ ಮಸೂದೆಯನ್ನು ಆರಂಭಿಸಿದವರು ಲೇಬರ್ ಪಕ್ಷದ ಮಾರಿಸನ್; ಸರಕಾರ ಬದಲಾದ ಮೇಲೆ ಅದನ್ನು ಮುಂದುವರಿಸಿದವರು ಲಿಬರಲ್ ಪಂಗಡದ ಪೈಬಸ್; 1933ರಲ್ಲಿ ಅದು ಶಾಸನವಾದಾಗ ಮಂತ್ರಿಯಾಗಿದ್ದವರು ಕನ್ಸರ್ವೇಟಿವ್ ಪಕ್ಷದ ಸ್ಟ್ಯಾನ್ಲಿ. ಮೂವರ ಕೈ ದಾಟಿಯೂ ಕಾರ್ಯವು ಕೆಡದೆ ಉಳಿಯಿತು.

1930ರ ರಸ್ತೆ ಸಂಚಾರ ಶಾಸನವು ಬಸ್ಸುಗಳ ಮಾರ್ಗಕ್ಕೆ ಪರವಾನಗಿಯ ಕ್ರಮವನ್ನೂ, ವಾಹನದಿಂದ ಹಾನಿಗೊಳಗಾಗುವ ಅನ್ಯರ ರಕ್ಷಣೆಗಾಗಿ ಕಡ್ಡಾಯ ವಿಮೆಯನ್ನೂ ವಿಧಿಸಿತಾದರೂ, ಮೋಟಾರು ಕಾರುಗಳ ಮೇಲಿದ್ದ ಗಂಟೆಗೆ 20 ಮೈಲಿಯ ವೇಗಮಿತಿಯನ್ನು ತೆಗೆದುಹಾಕಿತು. 1934ರ ಒಂದೇ ವರ್ಷದಲ್ಲಿ 7,000ಕ್ಕೂ ಮಿಕ್ಕಿ ಜನರು ರಸ್ತೆಗಳಲ್ಲಿ ಮೃತಪಟ್ಟರು. ಮರುವರ್ಷ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿಯೂ ಹೊಸ ಚಾಲಕರಿಗೆ ಪರೀಕ್ಷೆಯೂ ಬಂದವು. ಪಾದಚಾರಿಗಳು ದಾಟುವೆಡೆಯನ್ನು ಸೂಚಿಸುವ ಕಿತ್ತಳೆವರ್ಣದ ಗೋಲಗಳಿಗೆ ಇಂದಿಗೂ ಮಂತ್ರಿ ಬೆಲೀಷಾರ ಹೆಸರಿದೆ. ಕಾರ್ಯದರ್ಶಿಯ ಹೆಸರು ಅಲ್ಲೆಲ್ಲಿಯೂ ಇಲ್ಲ.

ದ್ವಿತೀಯ ಮಹಾಯುದ್ಧದಲ್ಲಿ ಹಡಗು ಮತ್ತು ಯುದ್ಧಸಾರಿಗೆಯ ಸಚಿವಾಲಯಗಳ ಮಹಾನಿರ್ದೇಶಕರಾಗಿ ದುಡಿದ ಹರ್ಕೂಮರು, ರಾಷ್ಟ್ರೀಕೃತವಾದ ರೈಲು, ಕಾಲುವೆ, ಲಾರಿಗಳ ಆಡಳಿತಕ್ಕೆ ನಿಯೋಜಿತವಾದ ಬ್ರಿಟಿಷ್ ಸಾರಿಗೆ ಆಯೋಗಕ್ಕೆ 1953ರವರೆಗೆ ಅಧ್ಯಕ್ಷರಾಗಿದ್ದರು. ಆಯೋಗಕ್ಕೂ ರೈಲ್ವೆಯ ಕಾರ್ಯನಿರ್ವಾಹಕ ಮಂಡಳಿಗೂ ಸಾಮರಸ್ಯ ಕೂಡಿಬರದೆ, ಆ ಮಹಾಪ್ರಯತ್ನವು ನಿರೀಕ್ಷಿತ ಫಲವನ್ನೀಯಲಿಲ್ಲವೆಂಬುದನ್ನೂ ಹೇಳಲೇಬೇಕು. ಪಕ್ಷಿಪ್ರೇಮಿಯಾಗಿದ್ದ ಅವರು ಮುಂದೆ ಪ್ರಕೃತಿ ಸಂರಕ್ಷಣೆಗಾಗಿ ಶ್ರಮಿಸಿ 1975ರಲ್ಲಿ ತೀರಿಕೊಂಡರು.

ಬಸ್ಸಿಗೆ ಪರ್ಮಿಟ್ಟು, ವಾಹನಕ್ಕೆ ಕಡ್ಡಾಯ ವಿಮೆ ಎಂಬ ವಿಧಿಗಳು 1939ರ ಮೋಟಾರು ವಾಹನ ಶಾಸನದ ಮೂಲಕ ನಮ್ಮಲ್ಲಿಗೂ ಬಂದವು. ವಿಧಿಗಳನ್ನು ಸ್ವೀಕರಿಸಿದ ನಾವು, ಅವುಗಳನ್ನು ಬೆಳೆಸಿದ ಆಡಳಿತದ ಸ್ಥೈರ್ಯವನ್ನೂ ಸ್ವೀಕರಿಸುವುದು ಉಚಿತ. ಇಲಾಖೆಯ ಮರ್ಮವನ್ನು ಅರಿಯುವಷ್ಟರಲ್ಲಿ ಅಧಿಕಾರಿಯನ್ನು ಎತ್ತಂಗಡಿ ಮಾಡುವ ಅಭ್ಯಾಸವನ್ನು ಸರಕಾರಗಳು ತ್ಯಜಿಸಲಿ. ಸಮರ್ಥನೊಬ್ಬನಿಗೆ ಕೆಲಸ ಕಲಿಯಲೂ ಕಲಿತುದನ್ನು ಮುಗಿಸಲೂ ಸಾಕಷ್ಟು ವರ್ಷಗಳನ್ನು ಕೊಡಲಿ.